ಅಪ್ಪ ಹೇಳದೆ ಬಿಟ್ಟ ಅರ್ಧ ಪದ

ನಮ್ಮಪ್ಪನಿಗೆ ಎರಡು ಹುಚ್ಚು. ಒಂದು ಮಡಿ, ಇನ್ನೊಂದು ಇಂಗ್ಲಿಷ್ ಪದಗಳ ಹುಟ್ಟು. ಗಿಂಡಿ ಬಡಾವಣೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕಾಗದ ಪತ್ರ ಬರೆದೇ ಕೂದಲು ನೆರೆಸಿಕೊಂಡವರು, ಊಟಕ್ಕೆ ಕೂತಾಗ ದಿನಕ್ಕೊಂದು ಪದ ಬಿಡಿಸಿ ಹೇಳುತ್ತಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ‘ರಿಕಾಯಿಲ್’ನ ಸರದಿ ಬಂತು. ಬೆಚ್ಚಿ ಹಿಂದೆ ಸರಿಯುವುದು ಎಂದು ಅರ್ಥ ಹೇಳಿ, “ರಿ ಅಂದ್ರೆ ಹಿಂದಕ್ಕೆ. ಮಿಕ್ಕಿದ್ದು ಫ್ರೆಂಚು, ದೊಡ್ಡೋಳಾದ್ಮೇಲೆ ನೀನೇ ನೋಡ್ಕೋ ಕಣ್ಣಾ” ಎಂದು ತಟ್ಟೆಯ ಕಡೆ ಮುಖ ತಗ್ಗಿಸಿದರು. ಅಮ್ಮ ನಕ್ಕಳು. ನಾನು ನಿಘಂಟು ತೆಗೆದು ನೋಡಲಿಲ್ಲ; ಅಪ್ಪ ಹೇಳಿದ್ದನ್ನು ಅಪ್ಪ ಹೇಳಿದರೆಂಬ ಕಾರಣಕ್ಕೇ ಮಾಡದಿರುವ ವಯಸ್ಸು ಅದು.

ಮಡಿಯನ್ನು ಮಾತ್ರ ಚೆನ್ನಾಗಿ ಕಲಿತೆ. ತ್ರಿಪ್ಲಿಕೇನಿನ ನಮ್ಮ ಮನೆಯಲ್ಲಿ ಬಚ್ಚಲಿಂದ ದೇವರಕೋಣೆಗೆ ಹೋಗುವ ದಾರಿ ತೀರಾ ಇಕ್ಕಟ್ಟು. ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿ ಅಪ್ಪ ಬಂದರೆ, ಮೈ ತಾಗದಂತೆ ನಾವು ಹಿಂದೆ ಸರಿಯಬೇಕು. ತಾಗಿದರೆ ಮತ್ತೆ ಸ್ನಾನ, ಪೂಜೆ ತಡ, ಎಲ್ಲರಿಗೂ ಹೊಟ್ಟೆ ಚುರುಚುರು. ಅಮ್ಮ ತೀರಿಕೊಂಡ ಮೇಲೂ, ನಾನು ಅಂಬತ್ತೂರಿನ ಆಫೀಸಿಗೆ ಓಡುವ ನಲವತ್ತು ದಾಟಿದ ಹೆಂಗಸಾದ ಮೇಲೂ ಈ ಕಾನೂನು ಬದಲಾಗಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಿದ್ದೆ. ಅಪ್ಪ ತಾಮ್ರದ ಚೊಂಬು ಹಿಡಿದು ಎದುರಾದರು. ನಿಂತವರೇ ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. “ಅಪ್ಪಾ, ಮಡಿ” ಎಂದು ಬೇರೆ ನೆನಪಿಸಿದೆ. ಆ ಕೈ ಆಸರೆ ಹುಡುಕುತ್ತಿತ್ತೆಂದು ನನಗೆ ತಿಳಿಯುವಷ್ಟರಲ್ಲಿ ಅವರು ಬಿದ್ದಿದ್ದರು. ತಲೆ ಹೊಸ್ತಿಲಿಗೆ ಬಡಿದಿತ್ತು.

ಆಸ್ಪತ್ರೆಯಲ್ಲಿ ಯಾರ್ಯಾರೋ ಅವರನ್ನು ಮುಟ್ಟಿದರು, ಎತ್ತಿದರು, ಮಗ್ಗುಲು ಹೊರಳಿಸಿದರು. ನಾನೂ ಕೈ ಹಿಡಿದು ಕೂತೆ, ಹಿಡಿಯಬೇಕಾದಾಗ ಹಿಡಿಯದವಳು. ಐದನೇ ದಿನ ಸ್ವಲ್ಪ ಮಾತಾಡಿದರು.

“ನನ್ನಿಂದ್ಲೇ ಅಪ್ಪಾ” ಎಂದು ಅತ್ತುಬಿಟ್ಟೆ.

“ಅಳ್ಬೇಡ. ನೀನು ಸರಿಯಾಗೇ ಮಾಡ್ದೆ ಕಣ್ಣಾ. ನಾನೇ ಮಡಿ ಮರ್ತು ಕೈ ನೀಡ್ಬಿಟ್ಟೆ.”

ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಎಂಟನೇ ದಿನ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅವರ ದಪ್ಪ ನಿಘಂಟು ತೆಗೆದೆ. ರಿಕಾಯಿಲ್‌ನ ಉಳಿದರ್ಧ ಸಿಕ್ಕಿತು. ಆ ಫ್ರೆಂಚು ಮೂಲದ ಅರ್ಥ ಅಂಡು. ಅಂಡು ಮುಂದಾಗಿ ಹಿಂದಕ್ಕೆ ಹೋಗುವುದೇ ರಿಕಾಯಿಲ್. ಮಗಳೆದುರು ಇದನ್ನು ಹೇಳಲಾರದೆ ಅಪ್ಪ ಅಂದು ಅನ್ನ ಕಲಸುತ್ತ ಕೂತಿದ್ದರು. ನನಗೆ ನಗು ಬಂತು. ಹೇಳೋಣವೆಂದು ಅವರ ಕುರ್ಚಿಯ ಕಡೆ ತಿರುಗಿಯೂ ಬಿಟ್ಟೆ.

ಆಮೇಲೆ ಹೊಳೆಯಿತು. ಓಡಿಹೋಗುವವರು ಬೆನ್ನು ತೋರಿಸುತ್ತಾರೆ. ಹೀಗೆ ಹಿಂದೆ ಸರಿಯುವವರ ಮುಖ ಎದುರಿಗೇ ಇರುತ್ತದೆ. ಬೀಳುವ ಮುನ್ನ ಅಪ್ಪ ಕೊನೆಗೆ ಕಂಡದ್ದು ನನ್ನ ಮುಖ. ಆಫೀಸಿಗೆ ಹೊತ್ತಾಯಿತೆಂದು ಅದು ಗಂಟಿಕ್ಕಿಕೊಂಡಿತ್ತು.