ಕಮಲಕ್ಕ ನಿನ್ನನ್ನು ಕಳಿಸಲಿಲ್ಲ

ರೇಣುಕಾ, ನಿನ್ನನ್ನು ಆ ಮನೆಯಿಂದ ಕಳಿಸಿದವರು ಕಮಲಕ್ಕ ಅಲ್ಲ. ನಾನು.

ನಿನ್ನ ಕೈ ಹಿಡಿದು ಹೊರಗೆ ನಡೆಸಲಿಲ್ಲ, ಬಾಗಿಲು ತೋರಿಸಲಿಲ್ಲ, ಆ ದಿನ ನಿನ್ನ ಮುಖವನ್ನೂ ನೋಡಲಿಲ್ಲ. ತುಂಬಿದ ಸಭೆಯಲ್ಲಿ ಒಂದು ಸುಳ್ಳು ಹೇಳಿದೆ. ಆಮೇಲೆ ಆ ಸುಳ್ಳಿಗೆ ಒಂದು ದೊಡ್ಡ ಮಾತನ್ನು ಸೇರಿಸಿದೆ. ಆ ದೊಡ್ಡ ಮಾತೇ ನಿನ್ನ ಬದುಕನ್ನು ಮುರಿಯಿತು ಎಂಬುದು ನನಗೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ಅಷ್ಟರಲ್ಲಿ —

ರೇಣುಕಾ ಎಂಬುದು ನಿನ್ನ ಹೆಸರಲ್ಲ. ಕಮಲಕ್ಕ ಎಂಬುದೂ ಅವರ ಹೆಸರಲ್ಲ. ನಿಮ್ಮಿಬ್ಬರನ್ನು ಇನ್ನೊಮ್ಮೆ ಬೀದಿಗೆ ತರುವ ಅಧಿಕಾರ ನನಗಿಲ್ಲ. ಸರೋಜಾ ಎಂಬುದು ಮಾತ್ರ ನನ್ನದೇ ಹೆಸರು. ಓದಿದರೆ ನಿನಗೆ ತಿಳಿಯುತ್ತದೆ.

ನೀನು ಬರುವ ಮೊದಲಿನ ಸಂಗತಿ ನಿನಗೆ ಗೊತ್ತಿರಲಾರದು. ಧಾರವಾಡ, ಬೆಳಗಾವಿ ಕಡೆಯಿಂದ ಪುಣೆಗೆ ಬಂದು ಅಂಗಡಿ ಇಟ್ಟವರು, ಕಚೇರಿ ಸೇರಿದವರು ಕೂಡಿ ಸಂಘ ಕಟ್ಟಿಕೊಂಡು ಒಂದು ಚಿಕ್ಕ ಕನ್ನಡ ಶಾಲೆ ನಡೆಸುತ್ತಿದ್ದರು. ಕಮಲಕ್ಕ ಅದರ ಮುಖ್ಯೋಪಾಧ್ಯಾಯಿನಿ. ಮದುವೆಯಾಗದೆ ಉಳಿದವರು. ಶಾಲೆಯ ಹಿಂದಿನ ವಾಡೆಯಲ್ಲಿ ಸಂಘದವರು ಕೊಟ್ಟ ಎರಡು ಖೋಲಿಗಳಲ್ಲಿ ಅವರ ವಾಸ. ನಾನು ಶಿವಾಜಿನಗರದ ಒಂದು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದೆ. ಶನಿವಾರ ಮಧ್ಯಾಹ್ನ ಅವರ ಮನೆಯಲ್ಲಿ ನಾಲ್ಕಾರು ಜನ ಸೇರಿ ಮಾತಿಗೆ ಕೂರುತ್ತಿದ್ದೆವು. ಶಾಲೆ ಇರುವುದು ಮಕ್ಕಳನ್ನು ವಿಧೇಯರನ್ನಾಗಿ ಮಾಡಲಿಕ್ಕೋ, ಪ್ರಶ್ನೆ ಕೇಳುವವರನ್ನಾಗಿ ಮಾಡಲಿಕ್ಕೋ? ನಮ್ಮವರು ಎಂದರೆ ಯಾರು? ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು, ಕೊನೆಯ ಮಾತು ನನ್ನದಾಗಲಿ ಎಂದು. ಅದು ನನಗೆ ಹಿತವಾಗಿತ್ತು. ಎಷ್ಟು ಹಿತವಾಗಿತ್ತೆಂದು ಇಂದು ನೆನೆದರೆ ಮೈ ಮುದುಡುತ್ತದೆ.

ತೊಂಬತ್ತರ ದಶಕದ ಆರಂಭದ ಒಂದು ಶನಿವಾರ, ಉಳಿದವರು ಎದ್ದುಹೋದ ಮೇಲೆ ಕಮಲಕ್ಕ ನನ್ನನ್ನು ಕೂರಿಸಿಕೊಂಡರು. ನಿನ್ನ ತಾಯಿ ಅವರ ಬಳಿಗೆ ಬಂದಿದ್ದಳು. ಹುಡುಗಿಯಾಗಿದ್ದಾಗಲೇ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾಗಿ, ಅಲ್ಲಿಂದ ಹಳೆಯ ಪೇಟೆಯ ಆ ಗಲ್ಲಿಗೆ ಬಂದು ಬಿದ್ದವಳು. "ನನ್ನ ಕೂಡ ಇದ್ರ ಇಕಿನೂ ನನ್ನ ಹಂಗ ಆಗ್ತಾಳ್ರಿ ಬಾಯಿ, ನೀವ ಇಟಗೊಳ್ರಿ" ಎಂದು ನಿನ್ನನ್ನು ಮುಂದೆ ನಿಲ್ಲಿಸಿದ್ದಳಂತೆ.

"ಖರೇ ಹೇಳಿ ಸೇರಿಸಿಕೊಂಡ್ರ ನಾಳೆ ಅರ್ಧ ಶಾಲಿ ಖಾಲಿ ಆಗ್ತದ," ಎಂದರು ಕಮಲಕ್ಕ. "ನನ್ನ ತಂಗಿ ಮಗಳು ಅಂತ ಹೇಳಿ ಇಟಗೋಬಹುದು. ಆದ್ರ ಸುಳ್ಳ ಹೇಳಿ ಶಾಲಿ ನಡಸೂದು ಹ್ಯಾಂಗ್ರಿ? ನೀವು ಓದಿದವರು. ಹೇಳ್ರಿ, ಇಂಥಾ ಸುಳ್ಳ ತಪ್ಪೋ ಅಲ್ಲೋ?"

ಅದು ಒಂದು ದಿನದಲ್ಲಿ ಮುಗಿದ ಮಾತಲ್ಲ. ಮಗು ಕಿಟಕಿಯ ಗಾಜು ಒಡೆದರೂ ತಾನಾಗಿ ಬಂದು ಹೇಳಿದರೆ ಬಯ್ಯದ ಟೀಚರು ಅವರು. ನಿಜದ ವಿಷಯದಲ್ಲಿ ಅಷ್ಟು ಹಟ. "ನಂಬಿ ಮಕ್ಕಳನ್ನ ಕಳಿಸ್ಯಾರ. ಅವರ ನಂಬಿಕಿ ನಾನ ಮುರದ್ರ ಸಮಾಜ ಅನ್ನೂದು ಎಲ್ಲಿ ಉಳೀತದ?" ಎನ್ನುತ್ತಿದ್ದರು. ನಾನು ವಾರ ವಾರ ವಾದಿಸಿದೆ. ಕಡೆಗೆ ಹೇಳಿದೆ: "ಕೂಸಿನ ಹುಟ್ಟು ಯಾವುದು ಅಂತ ಕೇಳೋ ಹಕ್ಕ ಅವರಿಗಿಲ್ಲ ಕಮಲಕ್ಕ. ಹಕ್ಕಿಲ್ಲದವರಿಗೆ ಖರೇ ಹೇಳೋ ಋಣ ನಮಗಿಲ್ಲ. ಅಕಿನ್ನ ಬಾಗಿಲದಾಗಿಂದ ತಿರುಗಿ ಕಳಸೂದು ತಪ್ಪು. ಅದೊಂದ ತಪ್ಪು."

ಅವರು, "ನೀವು ಸರಿ ಅಂದ್ರಲ್ಲ, ಆತು. ನಿಮ್ಮ ಮಾತ ನಂಬೀನಿ" ಎಂದರು.

ಆ ವಾದ ತಪ್ಪಾಗಿರಲಿಲ್ಲ ರೇಣುಕಾ. ಇಂದಿಗೂ ಅದು ಸರಿ ಎಂದೇ ನಂಬಿದ್ದೇನೆ. ತಪ್ಪು ತಿಳಿದಿದ್ದೆ, ಆಮೇಲೆ ತಿದ್ದಿಕೊಂಡೆ ಎನ್ನುವ ಆಸರೆಯೂ ನನಗಿಲ್ಲ.

ನೀನು ಬಂದೆ. ಕಮಲಕ್ಕನನ್ನು ಮೌಶಿ ಎಂದು ಕರೆಯಲು ಕಲಿತೆ. ಮೊದಮೊದಲು ಕಲಿತು ಕರೆದೆ, ಆಮೇಲೆ ಕಲಿತದ್ದು ಮರೆತೇ ಕರೆದೆ. ದೊಡ್ಡವಳಾದಂತೆ ಶನಿವಾರದ ಮಾತುಗಳಲ್ಲಿ ಗೋಡೆಗೆ ಆತು ಕೂತು ಕೇಳುತ್ತಿದ್ದೆ. ಒಮ್ಮೆ ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದು ಕೇಳಿದೆ: "ಸುಳ್ಳ ಹೇಳಿ ಕಲಿತ ವಿದ್ಯಾ ಸುಳ್ಳಾಗ್ತದೇನ್ರಿ?" ನಾನು ನಿನ್ನ ತಲೆ ಸವರಿ, ಆಗೂದಿಲ್ಲ, ಸುಳ್ಳು ಹೇಳೋ ಹಂಗ ಮಾಡಿದವರ ತಪ್ಪದು ಎಂದೆ. ನಿನ್ನ ಮುಖ ಹಗುರಾದದ್ದನ್ನು ಕಂಡೆ. ಆ ಮುಖವನ್ನು ಕಂಡವಳೇ ನಾನು ಆಮೇಲೆ —

ನೀನು ಹೈಸ್ಕೂಲಿಗೆ ಬರುವ ಹೊತ್ತಿಗೆ ಸಂಘದ ಅಧ್ಯಕ್ಷರು ದೊಡ್ಡ ಶಾಲೆಯೊಂದನ್ನು ಕಟ್ಟುವ ಮಾತೆತ್ತಿದರು. ಕಿರಾಣಿ ವ್ಯಾಪಾರದಲ್ಲಿ ಮೇಲೆ ಬಂದವರು. ಕೊಂಢವಾದಲ್ಲಿದ್ದ ತಮ್ಮ ಜಾಗವನ್ನೇ ಕೊಡುವುದಾಗಿ ಹೇಳಿದರು. ಅಲ್ಲಿ ಏನು ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದನ್ನೆಲ್ಲ ನಾನೇ ರೂಪಿಸಬೇಕು ಎಂದರು. ವರ್ಷಗಟ್ಟಲೆ ಬರೀ ಮಾತಾಡಿದವಳಿಗೆ ಅದನ್ನು ಕಟ್ಟಿ ತೋರಿಸುವ ಅವಕಾಶ. ನಾನು ಉಂಡರೂ ಮಲಗಿದರೂ ಅದೇ ಧ್ಯಾನ.

ಆಗಲೇ ಸಂಘದ ಸದಸ್ಯನೊಬ್ಬ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ನಿನ್ನನ್ನು ಕಂಡ. ನಿನ್ನ ತಾಯಿ ನಿನ್ನ ಕೆನ್ನೆ ಮುಟ್ಟಿ ಅಳುತ್ತಿದ್ದಳಂತೆ. ಅವಳು ಯಾರು, ಯಾವ ಗಲ್ಲಿಯವಳು ಎಂದು ಆತ ಊರಿಗೆಲ್ಲ ಹೇಳಿದ. ಆತ ಅವಳನ್ನು ಗುರುತಿಸಿದ್ದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ ಸಭೆ ಕರೆದರು. ಪಾಲಕರೂ ಬಂದಿದ್ದರು.

"ಕಮಲಾಬಾಯಿ, ಆ ಹುಡುಗಿ ನಿಮ್ಮ ತಂಗಿ ಮಗಳು ಹೌದೋ ಅಲ್ಲೋ?" ಎಂದರು ಅಧ್ಯಕ್ಷರು.

"ಅಲ್ಲರಿ."

"ಹಂಗಾರ ಇಷ್ಟ ವರ್ಷ ನಮಗೆಲ್ಲಾ ಸುಳ್ಳ ಹೇಳಿದ್ರಿ?"

"ಹೌದ್ರಿ. ಭಾಳ ವಿಚಾರ ಮಾಡಿ ಹೇಳೀನಿ," ಎಂದು ಕಮಲಕ್ಕ ನನ್ನ ಕಡೆ ನೋಡಿದರು. ಅದು ಬೇಡುವ ನೋಟವಲ್ಲ. ಈ ವಿಚಾರವನ್ನು ತಮಗಿಂತ ಚೆನ್ನಾಗಿ ಹೇಳಬಲ್ಲವಳು ಇಲ್ಲಿದ್ದಾಳೆ, ಈಗ ಎದ್ದು ಹೇಳುತ್ತಾಳೆ ಎಂದು ಕಾಯುವ ನೋಟ.

ಅಧ್ಯಕ್ಷರೂ ನನ್ನತ್ತ ತಿರುಗಿದರು. "ಸರೋಜಾ ಮೇಡಂ, ನೀವು ವಾರಾ ಅವರ ಮನಿಗೆ ಹೋಗವರು. ನಿಮಗ ಗೊತ್ತಿತ್ತೇನ್ರಿ?"

"ಇಲ್ಲರಿ. ನನಗೂ ಸುಳ್ಳ ಹೇಳಿದ್ರು."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಯಾರೂ ಕೇಳದಿದ್ದರೂ ಎದ್ದು ನಿಂತು ಹೇಳಿದೆ: "ಸುಳ್ಳಿನ ಮ್ಯಾಲೆ ಕಟ್ಟಿದ ಶಿಕ್ಷಣ ಮಗುವಿಗೂ ಮೋಸ, ಸಮಾಜಕ್ಕೂ ಮೋಸ. ಉದ್ದೇಶ ಎಷ್ಟ ಛಲೋ ಇದ್ರೂ ಇದು ತಪ್ಪು." ಜನ ತಲೆದೂಗಿದರು. ಕಮಲಕ್ಕ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ನೆಲ ನೋಡಿದರು. ನನ್ನ ಮಾತನ್ನು ಅಲ್ಲಗಳೆಯಲಿಲ್ಲ.

ಅವರು ಕೆಲಸವನ್ನೂ ಮನೆಯನ್ನೂ ಬಿಡಬೇಕಾಯಿತು. ನೀನು ತಾಯಿಯ ಹಿಂದೆ ಹೋದೆ ಎಂದು ಕೇಳಿದೆ. ಪಾಪ, ಮನೆಯೇ ಇಲ್ಲದ ಕಮಲಕ್ಕ ಇನ್ನೇನು ಮಾಡಿಯಾರು ಎಂದುಕೊಂಡೆ. ನೂರಾರು ಮಕ್ಕಳಿಗಾಗಿ ಒಂದು ಮಗುವಿನ ವಿಷಯದಲ್ಲಿ ಮೌನವಾದೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಮೌನವೇ? ನಾನು ಮೌನವಾಗಿದ್ದರೆ ಎಷ್ಟೋ ಉಳಿಯುತ್ತಿತ್ತು. ಹೊಸ ಶಾಲೆ ಎದ್ದು ನಿಂತಿತು. ಅಲ್ಲಿ ನೀತಿಪಾಠವನ್ನು ನಾನೇ ತೆಗೆದುಕೊಳ್ಳುತ್ತಿದ್ದೆ.

ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದವು. ಬಾರಾಮತಿಯ ಒಂದು ಕಾಲೇಜಿಗೆ ಶಿಕ್ಷಣ ಮತ್ತು ಮೌಲ್ಯಗಳ ಬಗ್ಗೆ ಭಾಷಣ ಮಾಡಲು ನನ್ನನ್ನು ಕರೆದರು. ಕಮಲಕ್ಕ ಅದೇ ಊರಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ತಮ್ಮನ ಮನೆಯಲ್ಲಿದ್ದಾರೆಂದು ತಿಳಿಯಿತು. ಭಾಷಣ ಮುಗಿಸಿ ಹೋದೆ. ಏಕೆ ಹೋದೆನೋ. ಅವರು ಬಯ್ದರೆ ಹಗುರಾಗುತ್ತೇನೆ ಎಂದಿರಬೇಕು.

ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದರು. ತುಂಬ ಸೊರಗಿದ್ದರು. "ಬರ್ರಿ, ಬರ್ರಿ" ಎಂದು ಚಾಪೆ ಹಾಸಿದರು, ಚಹಾ ಕೊಟ್ಟರು. ಆಮೇಲೆ ಮತ್ತೆ ಸೊಪ್ಪಿಗೆ ಕೈಹಾಕಿ, ಶನಿವಾರಗಳಲ್ಲಿ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದರು:

"ಒಂದ ಮಾತ ಕೇಳಬೇಕಾಗಿತ್ರಿ. ಮೊದಲ ನೀವು ಸರಿ ಅಂದ್ರಿ. ಸಭಾದಾಗ ತಪ್ಪ ಅಂದ್ರಿ. ನಡುವ ನಿಮಗ ಏನ ಹೊಳೀತು? ನಾ ಎಷ್ಟ ವಿಚಾರ ಮಾಡಿದ್ರೂ ತಿಳಿವಲ್ದು."

ಅವರೇ ಮುಂದುವರಿಸಿದರು.

"ನಿಮಗೂ ಸುಳ್ಳ ಹೇಳಿದೆ ಅಂದ್ರಲ್ಲ, ಅದು ಹೆದರಿ ಅಂದದ್ದು ಅಂತ ಆವಾಗನ ತಿಳೀತು. ಅದಕ್ಕ ನನಗ ಸಿಟ್ಟಿಲ್ಲ. ಆದ್ರ ತಪ್ಪು ಅಂದದ್ದು ಯಾರೂ ಕೇಳದ ಹೇಳಿದ್ರಿ. ಕೇಳದ ಹೇಳಿದ್ದು ಮನಸಿನ ಮಾತ ಇರಬೇಕು ಅನಿಸ್ತು. ನೀವು ನನಗಿಂತ ಮುಂದ ವಿಚಾರ ಮಾಡೀರಿ, ನಾನ ಆ ಕೂಸಿಗೆ ಮೋಸ ಮಾಡೀನಿ ಅನಿಸ್ತು. ತಮ್ಮ ಇಬ್ಬರೂ ಬರ್ರಿ ಅಂದಿದ್ದ. ಇನ್ನ ಸುಳ್ಳ ಬ್ಯಾಡ ಅಂತ ನಾನ ಅಕಿಗೆ ನಿಮ್ಮವ್ವನ ಕಡೆ ಹೋಗು ಅಂದೆ. ಕಾಲ ಹಿಡಕೊಂಡ್ಲು. ಬಿಡಿಸಿಕೊಂಡೆ."

ತಮ್ಮ ಇಬ್ಬರೂ ಬರ್ರಿ ಅಂದಿದ್ದ. ನಿನಗೆ ಒಂದು ಮನೆ ಕಾದಿತ್ತು ರೇಣುಕಾ.

ಆಗ ಹೇಳಿಬಿಟ್ಟೆ. ಏನೂ ಹೊಳೆಯಲಿಲ್ಲ ಕಮಲಕ್ಕ, ನೀವು ಮಾಡಿದ್ದು ಸರಿ ಇತ್ತು, ಆ ದಿನವೂ ನನಗದು ಗೊತ್ತಿತ್ತು. ಶಾಲೆ ಕೈತಪ್ಪುತ್ತದೆಂದು ಹೆದರಿದೆ. ಹೆದರಿದ್ದು ಯಾರಿಗೂ ಕಾಣಬಾರದೆಂದು ದೊಡ್ಡ ಮಾತಾಡಿದೆ.

ಅವರ ಕೈ ನಿಂತುಹೋಯಿತು. "ಇಷ್ಟ ಏನು?" ಎಂದರು. ಇನ್ನೊಮ್ಮೆ, "ಇಷ್ಟ ಏನ್ರೀ?" ಆಮೇಲೆ ಅವರ ಗಂಟಲಿನಿಂದ ಬಂದ ಸದ್ದನ್ನು ನಾನು ಬರೆಯಲಾರೆ. "ಹಂಗಾರ ಆ ಕೂಸನ್ನ ನಾ ಸುಮ್ಮಸುಮ್ಮನ ಕಳಿಸಿದ್ನೇನ್ರೀ?"

ನಿಜ ಹೇಳಿದರೆ ಗಾಯ ಮಾಯುತ್ತದೆ ಎಂದು ಎಷ್ಟು ತರಗತಿಗಳಲ್ಲಿ ಹೇಳಿದ್ದೆನೋ. ಅಷ್ಟು ವರ್ಷ ಅವರು ತಾವು ಮಾಡಿದ್ದು ಸರಿಯೇನೋ ತಪ್ಪೇನೋ ಎಂಬ ತೊಳಲಾಟದಲ್ಲಾದರೂ ಬದುಕಿದ್ದರು. ನನ್ನ ನಿಜ ಅದನ್ನೂ ಕಿತ್ತುಕೊಂಡಿತು. ನಾನು ಕಾಲಿಗೆ ಬಾಗಿದಾಗ ಕಮಲಕ್ಕ ಹಿಂದೆ ಸರಿದರು. "ನನ್ನ ಕಡೆ ಯಾಕ ಬಂದ್ರಿ? ಹೋಗ್ರಿ. ಅಕಿನ್ನ ಹುಡುಕ್ರಿ."

ಹುಡುಕುತ್ತಿದ್ದೇನೆ. ಪೇಟೆಯ ಗಲ್ಲಿಗೆ ಹೋದೆ. "ಕುಠಲಿ ಪೋರಗಿ?" ಎಂದು ಬಾಗಿಲಲ್ಲಿ ನಿಂತವರು ನನ್ನನ್ನೇ ಪ್ರಶ್ನಿಸಿದರು. ಯಾವ ಹುಡುಗಿ ಎಂದು ಹೇಗೆ ವಿವರಿಸಲಿ? ನಿನ್ನ ತಾಯಿ ಜಡ್ಡಿನಿಂದ ತೀರಿಕೊಂಡಳು, ಹುಡುಗಿಯನ್ನು ಯಾರೋ ಸಾಂಗ್ಲಿ ಕಡೆ ಕರೆದೊಯ್ದರು ಎಂದು ಒಬ್ಬ ಮುದುಕಿ ಹೇಳಿದಳು. ಯಾರು, ಏತಕ್ಕೆ — ಅವಳು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಆಗಲಿಲ್ಲ. ಧೈರ್ಯ ಮಾಡಿ ಮತ್ತೆ ಹೋದಾಗ ಮುದುಕಿ ಅಲ್ಲಿರಲಿಲ್ಲ. ಸಾಂಗ್ಲಿಗೆ ಹೋಗಿ ಬಂದೆ. ಬರಿಗೈಯಲ್ಲಿ ಬಂದೆ.

ಸಂಘದ ಸಭೆಯಲ್ಲಿ ಎದ್ದುನಿಂತು ಎಲ್ಲವನ್ನೂ ಹೇಳಿದೆ. "ಹಳೇ ಮಾತ ಯಾಕ ತಗೀತೀರಿ ಮೇಡಂ, ಶಾಲಿ ಹೆಸರ ಕೆಡ್ತದ" ಎಂದರು. ಶಾಲೆಯನ್ನು ಬಿಟ್ಟೆ. ಬಿಟ್ಟದ್ದರಿಂದ ಯಾರಿಗೆ ಏನು ಬಂತು? ನಿನಗಂತೂ ಏನೂ ಬರಲಿಲ್ಲ.

ನೀನು ಎಲ್ಲಿದ್ದೀ? ಹೇಗಿದ್ದೀ — ಇದ್ದೀಯಾ? ಕ್ಷಮೆ ಕೇಳಲು ಇದನ್ನು ಬರೆದಿಲ್ಲ, ಅದು ನನ್ನ ಬಾಯಿಗೆ ದೊಡ್ಡದು. ನಿನಗೆ ಇದೊಂದು ಗೊತ್ತಾಗಲಿ. ನೀನು ಕಾಲು ಹಿಡಿದಾಗ ಕಮಲಕ್ಕ ಬಿಡಿಸಿಕೊಂಡದ್ದು ನೀನು ಬೇಡವಾಗಿ ಅಲ್ಲ. ನನ್ನನ್ನು ನಂಬಿ. ಅವರು ಬಾರಾಮತಿಯಲ್ಲೇ ಇದ್ದಾರೆ. ಯಾರಾದರೂ ಬಾಗಿಲು ಬಡಿದರೆ ತಮ್ಮನ ಹೆಂಡತಿಗೆ ಬಿಡದೆ ತಾವೇ ಏಳುತ್ತಾರಂತೆ.

ಮಿರಜಿನಲ್ಲಿ ನಿನ್ನ ತಾಯಿಯ ಊರಿನವಳೊಬ್ಬಳು ಇದ್ದಾಳೆಂದು ಸುದ್ದಿ ಸಿಕ್ಕಿದೆ. ಈ ವಾರ ಹೋಗುತ್ತಿದ್ದೇನೆ. ಅವಳಿಗೂ ಗೊತ್ತಿಲ್ಲದಿದ್ದರೆ, ಗೊತ್ತಿರುವವರು ಯಾರೆಂದು ಅವಳನ್ನೇ ಕೇಳುತ್ತೇನೆ.