ಟೇಪು ಬೆಚ್ಚಗಾಗಲೆಂದು ಕಾದ ದಿನ

ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಿದ್ದರೆ ಎಲ್ಲರಿಗೂ ಸೀನು ಬರುತ್ತದೆ, ನನಗೆ ಜೋಂಪು ಹತ್ತುತ್ತದೆ. ಬ್ಯಾಡಗಿಯ ಕಡೆಯವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಆ ಜೋಂಪಿನಲ್ಲಿ ನನಗೆ ಕಾಣುವ ಹತ್ತಿ ಹೊಲ ಅವರಿಗೆಲ್ಲಿ ಕಾಣಬೇಕು.

ತೊಂಬತ್ತರ ದಶಕದ ನಡುಭಾಗ. ನಾನು ರಾಣೆಬೆನ್ನೂರಿನ ಒಂದು ಹತ್ತಿ ಬೀಜದ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಇಡೀ ಕಂಪನಿಗೆ ಒಂದೇ ಕಂಪ್ಯೂಟರು, ಅದಕ್ಕೊಂದು ಗಾಜಿನ ಕೋಣೆ. ಚಪ್ಪಲಿ ಹೊರಗೆ ಬಿಡದೆ ಒಳಗೆ ಬಂದವರನ್ನು ಬೈಯುತ್ತಿದ್ದೆ, ಮಾಲಕರನ್ನೂ ಬಿಡುತ್ತಿರಲಿಲ್ಲ. ‘ಬೀಗ ಈಕಿ ಬಾಯಿಗೆ ಹಾಕಿಸಬೇಕಿತ್ತು, ಖೋಲಿಗೆ ಹಾಕಿಸೇನಿ’ ಎಂದು ಅವರು ಗೊಣಗುತ್ತಿದ್ದರು.

ಮಾಲಕರಿಗೆ ಬೇರೆ ಕಂಪನಿಗಳ ಭಯ. ಹೊಸ ತಳಿ ಕಳುವಾದೀತೆಂದು ಹೊಲದ ಪ್ರತಿ ಸಾಲಿಗೂ ಒಂದು ಗೂಟ ನೆಟ್ಟು, ಅದರ ಮೇಲೆ ಬರೀ ನಂಬರು ಬರೆಸುತ್ತಿದ್ದರು. ಯಾವ ನಂಬರಿನಲ್ಲಿ ಯಾವ ತಳಿ ಇದೆ ಎನ್ನುವುದು ಕಂಪ್ಯೂಟರಿನ ಹೊಟ್ಟೆಯೊಳಗೆ ಮಾತ್ರ. ನಂಬರುಗಳನ್ನು ಕಲಸಿ ಹಂಚುವುದೂ ಅದೇ. ಪೊಟ್ಟಣಗಳಿಗೆ ನಂಬರು ಅಂಟಿಸಿದವಳು ನಾನೇ ಆದರೂ ನೂರಾರು ಸಾಲುಗಳಲ್ಲಿ ಒಂದೂ ನೆನಪಿರುತ್ತಿರಲಿಲ್ಲ.

ಕಂಪ್ಯೂಟರ್ ಸುಟ್ಟರೆ ಗತಿಯೇನು ಎಂಬ ವಿಚಾರ ಮಾಲಕರಿಗೂ ಇತ್ತು. ಬಿತ್ತನೆ ಮುಗಿದ ಮೇಲೆ ಎಲ್ಲವನ್ನೂ ಒಂದು ಟೇಪಿಗೆ ನಕಲು ಮಾಡಿ ಬೇರೆ ಊರಿನಲ್ಲಿ ಇಡಿ ಎಂದು ಕಂಪ್ಯೂಟರ್ ಮಾರಿದವರು ಹೇಳಿದ್ದರು. ಎಲ್ಲಿ ಇಡಬೇಕೆಂದು ಮಾಲಕರು ತಾವೇ ಗೊತ್ತುಮಾಡಿದರು. ಬ್ಯಾಡಗಿಯಲ್ಲಿ ಅವರ ಬೀಗರದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಇತ್ತು, ಅಲ್ಲಿ.

‘ಬೀಜ ಥಂಡ್ಯಾಗ ಇಟ್ರ ವರ್ಷಗಟ್ಲೆ ಬಾಳತಾವು. ಟೇಪ್ ಯಾಕ ಬಾಳಂಗಿಲ್ಲ?’ ಅಂದರು.

‘ಅದು ಬೀಜ ಅಲ್ರಿ ಮಾಲಕ್ರ. ಸಾದಾ ಕಪಾಟಿನ್ಯಾಗ ಇಟ್ರ ಸಾಕ್ರಿ.’

‘ಬಾಳ ಶಾಣ್ಯಾಕಿ ಆಗಬ್ಯಾಡ ನೀ.’

ಬೀಜದವರ ಬುದ್ಧಿ ಅದು, ಬೆಲೆಬಾಳುವುದೆಲ್ಲ ತಣ್ಣಗಿರಬೇಕು. ನಾನು ಟೇಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟೆ.

ನಮ್ಮಲ್ಲಿ ತಳಿ ಬೆಳೆಸುವ ಕೆಲಸ ಒಬ್ಬ ಹೆಂಗಸಿನದು. ನಾವೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ದಿನಾ ಗುತ್ತಲದಿಂದ ಬಸ್ಸಿಗೆ ಬರುತ್ತಿದ್ದರು. ಒಂದೆರಡು ಮಳೆ ಬಿದ್ದರೂ ಸಾಕು, ಬೆಳೆದು ನಿಲ್ಲುವಂಥ ಹತ್ತಿ ಮಾಡಬೇಕೆಂದು ಆರು ವರ್ಷದಿಂದ ಒದ್ದಾಡುತ್ತಿದ್ದರು. ಮಾಲಕರಿಗೆ ಸಾಕಾಗಿತ್ತು. ಈ ಸಲ ಅಕ್ಕಾರ ತಳಿ ಪೇಟೆಯ ತಳಿಗಿಂತ ಮೇಲಾಗಬೇಕು, ಇಲ್ಲದಿದ್ದರೆ ಪ್ರಯೋಗ ಬಂದ್ ಎಂದು ಹೇಳಿಬಿಟ್ಟಿದ್ದರು. ಎರಡನ್ನೂ ಒಂದೇ ಹೊಲದಲ್ಲಿ ಬಿತ್ತಿದ್ದೆವು. ಯಾವ ಸಾಲು ತಮ್ಮದು ಎಂದು ಅಕ್ಕಾರಿಗೂ ತಿಳಿದಿರಲಿಲ್ಲ. ಹೂ ಬಿಟ್ಟಾಗ ನಾನು ಪಟ್ಟಿ ತೆಗೆದು ಕೊಟ್ಟ ಮೇಲೆಯೇ ತಿಳಿಯಬೇಕು.

ಆದರೂ ಮನಸ್ಸು ಕೇಳುತ್ತದೆಯೇ? ಇಪ್ಪತ್ತೊಂದನೇ ಸಾಲು ಎದೆಮಟ್ಟ ಬೆಳೆದು ನಿಂತಿತ್ತು. ಅಕ್ಕಾರು ಸಂಜೆ ಬಸ್ಸು ತಪ್ಪಿದರೂ ಚಿಂತೆಯಿಲ್ಲದೆ ಅದರ ಬದಿಗೆ ನಿಲ್ಲುತ್ತಿದ್ದರು. ‘ಏನ್ರಿ ಅಕ್ಕಾರ, ಮಗಳನ್ನ ನೋಡಾಕ ಬಂದ್ರೇನು?’ ಎಂದು ನಾನು ಕಾಡಿಸಿದರೆ ನಗುತ್ತಿದ್ದರು. ಆ ನಗು ನೋಡಿದರೆ ನನಗೂ ಅದು ಅವರದೇ ಎನ್ನಿಸುತ್ತಿತ್ತು.

ಹೂ ಬಿಡುವ ವಾರದಲ್ಲೇ ಸಿಡಿಲು ಬಡಿಯಿತು. ಬಿದ್ದದ್ದು ಆಚೆಯ ಕಂಬಕ್ಕೆ, ಸತ್ತದ್ದು ನನ್ನ ಕಂಪ್ಯೂಟರು. ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬಂದು ಹೊಸ ಡಿಸ್ಕ್ ಹಾಕಿದ. ಹಳೆಯದರಲ್ಲಿ ಇದ್ದದ್ದು ಒಂದಕ್ಷರವೂ ಬರುವುದಿಲ್ಲ ಎಂದು ಕೈಯಲ್ಲಾಡಿಸಿ ಹೋದ. ಉಳಿದದ್ದು ಬ್ಯಾಡಗಿಯ ಟೇಪೊಂದೇ. ಮರುದಿನ ಮುಂಜಾನೆ ನಾನೇ ಹೊರಟೆ.

ಕೋಲ್ಡ್ ಸ್ಟೋರೇಜಿನ ದಪ್ಪ ಬಾಗಿಲು ತೆರೆದಾಗ ಒಳಗಿನ ಮಂಜು ಕಾಲಿಗೆ ಸುತ್ತಿಕೊಂಡಿತು. ಮಂಕು ದೀಪ, ಸೂರಿನತನಕ ಚೀಲದ ಮೇಲೆ ಚೀಲ. ಮೆಣಸಿನಕಾಯಿಗೆ ಅಲ್ಲಿ ಖಾರವಿರಲಿಲ್ಲ, ಸಿಹಿಯಂಥ ಒಂದು ವಾಸನೆಯಿತ್ತು. ಹಲಗೆಯ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಟೇಪು ಕೈಗೆ ಚುರ್ರೆನ್ನುವಷ್ಟು ತಣ್ಣಗಿತ್ತು. ಪ್ಲಾಸ್ಟಿಕ್ ಬಿಚ್ಚದೆ, ಮನೆಯಿಂದ ಒಯ್ದಿದ್ದ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಮೋಟೆಬೆನ್ನೂರು ದಾಟುವಾಗ ಪಕ್ಕದ ಅಜ್ಜಿಯೊಬ್ಬರು ಕೌದಿಯತ್ತ ಬಗ್ಗಿ, ‘ಕೂಸು ಮಲಗೈತೇನವಾ?’ ಅಂದರು. ಹೌದೆಂದೆ. ಬಿಚ್ಚಿ ತೋರಿಸು ಎಂದಿದ್ದರೆ ಅಲ್ಲಿಯೇ ನನ್ನ ಮರ್ಯಾದೆ ಹೋಗುತ್ತಿತ್ತು.

ಮಾಲಕರು ಬಾಗಿಲಲ್ಲೇ ಕಾಯುತ್ತಿದ್ದರು. ‘ಲಗೂನ ಹಾಕು,’ ಅಂದರು.

‘ಇವತ್ತ ಆಗಂಗಿಲ್ರಿ. ನಾಳೆ ಮುಂಜಾನಿ.’

‘ಯಾಕ?’

‘ಥಂಡ್ಯಾಗಿಂದ ತಂದ ಮೆಣಸಿನಕಾಯಿ ಚೀಲ ಹಂಗ ಬಿಚ್ಚಿದ್ರ ಕಾಯಿ ಬೆವತು ಬೂಜು ಹಿಡಿಯೂದಿಲ್ಲೇನ್ರಿ? ಇದೂ ಹಂಗ. ಬೆವತ ಟೇಪ್ ಮಶೀನ್ಯಾಗ ಹಾಕಿದ್ರ ಹರಿದ ಹೋಕೈತಿ. ಬೆಚ್ಚಗಾಗಲಿ.’

‘ಹೊಲದಾಗ ಹೂವು ಕಾಯತಾವೇನು ನಿನ್ನ ಟೇಪಿಗೆ?’

ಅವರ ಮಾತು ಖರೇ. ಹತ್ತಿ ಹೂವು ಅರಳಿದ ದಿನ ಬೆಣ್ಣೆಯ ಬಣ್ಣ, ಮರುದಿನ ಗುಲಾಬಿ. ಗುಲಾಬಿಯಾದ ಮೇಲೆ ಪರಾಗ ಹಚ್ಚಿದರೂ ಉಪಯೋಗವಿಲ್ಲ. ಒಂದು ತಳಿಯ ಪರಾಗವನ್ನು ಇನ್ನೊಂದರ ಹೂವಿಗೆ ಹಚ್ಚುವ ಕ್ರಾಸಿಂಗಿಗೆ ಬಂದ ಹೆಣ್ಣುಮಕ್ಕಳು, ಯಾವ ಸಾಲು ಯಾವ ತಳಿಯೆಂದು ತಿಳಿಯದೆ, ಬೇವಿನ ನೆರಳಿನಲ್ಲಿ ಕೆಲಸವಿಲ್ಲದೆ ಕೂತಿದ್ದರು. ಆದರೂ ನಾನು ಟೇಪನ್ನು ಎದೆಗವಚಿಕೊಂಡು ನಿಂತೆ. ‘ಕೆಲಸದಿಂದ ತೆಗೀರಿ ಬೇಕಾದ್ರ, ಇವತ್ತ ಹಾಕಂಗಿಲ್ಲ’ ಅಂದೆ. ಮಾಲಕರು ಕೆಂಪಾದರು. ಆಗ ಅಕ್ಕಾರು ಹಿಂದಿನಿಂದ ಬಂದು, ‘ಒಂದಿನದ ಹೂವು ನಂದ ಹೋಗ್ಲಿ ಬಿಡ್ರಿ. ಆಕಿ ಹೇಳಿದಂಗ ಆಗಲಿ,’ ಅಂದರು.

ಆ ಮಧ್ಯಾಹ್ನ ಎಷ್ಟು ಉದ್ದವಿತ್ತೋ ನಾನರಿಯೆ. ಏಸಿ ಬಂದ್ ಮಾಡಿ, ಮೇಜಿನ ಮೇಲೆ ಕೌದಿಯ ಗಂಟು ಇಟ್ಟು, ನಾವಿಬ್ಬರೂ ಎದುರುಬದುರು ಕೂತೆವು. ಕೌದಿಯಿಂದ ಮೆಣಸಿನಕಾಯಿಯ ವಾಸನೆ ಮೆಲ್ಲಗೆ ಏಳುತ್ತಿತ್ತು. ಕಿಟಕಿಯ ಆಚೆ ಹೊಲ, ಹೊಲದ ಮೇಲೆ ಮೋಡದ ನೆರಳು ಹಾದು ಹೋಗುತ್ತಿತ್ತು. ಕಣ್ಣು ಮುಚ್ಚಿ ತೆರೆದಾಗಲೆಲ್ಲ ಇನ್ನೊಂದಿಷ್ಟು ಹೂವು ಗುಲಾಬಿಯಾದಂತೆ ಕಾಣುತ್ತಿತ್ತು. ಅಕ್ಕಾರು ಇಪ್ಪತ್ತೊಂದನೇ ಸಾಲಿನ ಕಡೆಗೇ ನೋಡುತ್ತ, ಎಚ್ಚರವೋ ನಿದ್ದೆಯೋ ತಿಳಿಯದ ದನಿಯಲ್ಲಿ ಮಾತಾಡುತ್ತಿದ್ದರು. ಆ ಬೀಜ ಮುಂದೆ ಅಗಡಿಗೆ ಹೋಗುತ್ತದೆ, ಕರ್ಜಗಿಗೆ ಹೋಗುತ್ತದೆ, ಮಳೆ ಕೈಕೊಟ್ಟ ವರ್ಷವೂ ಹೊಲ ಬೆಳ್ಳಗಾಗುತ್ತದೆ. ಯಾರ ಹೊಲದಲ್ಲಿ ಬಿಡಿಸಿದರೂ ಹತ್ತಿಗೆ ಯಾರ ಹೆಸರೂ ಇರುವುದಿಲ್ಲ, ಅದೇ ಚಲೋ ಅಂದರು. ಕೇಳುತ್ತ ಕೇಳುತ್ತ ನಾನು ಮೇಜಿಗೆ ತಲೆಯಿಟ್ಟು ಮಲಗಿಬಿಟ್ಟೆ. ಅಷ್ಟು ಸುಖದ ನಿದ್ದೆ ನನಗೆ ಮತ್ತೆ ಬಂದಿಲ್ಲ.

ಮರುದಿನ ಮುಂಜಾನೆ ಟೇಪು ನನ್ನ ಅಂಗೈಯಷ್ಟೇ ಬೆಚ್ಚಗಿತ್ತು. ಮಶೀನಿಗೆ ಹಾಕಿದೆ. ಅದು ಗುಯ್ಯೆನ್ನುತ್ತ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಒಂದೂ ಅಕ್ಷರ ಕೆಡದೆ ಎಲ್ಲ ಬಂತು. ಪ್ರಿಂಟರಿನಿಂದ ಪಟ್ಟಿ ಹೊರಬರುವಾಗ ನಾನು ಕುಣಿಯುವುದೊಂದು ಬಾಕಿ. ಅಕ್ಕಾರು ಕಾಗದ ಹರಿದುಕೊಂಡು ಓದಿದರು. ಓದಿ, ನನ್ನ ಕೈಗೆ ಕೊಟ್ಟು ಕುಂತರು.

ಇಪ್ಪತ್ತೊಂದು ಪೇಟೆಯ ತಳಿ. ಅಕ್ಕಾರದು ಒಂಬತ್ತನೇ ಸಾಲು. ಮೂಲೆಯಲ್ಲಿ ಮೊಣಕಾಲುದ್ದಕ್ಕೆ ನಿಂತುಬಿಟ್ಟಿದ್ದ, ನಾವ್ಯಾರೂ ತಿರುಗಿ ನೋಡದಿದ್ದ ಸಾಲು.

ಕೋಣೆಯಲ್ಲಿ ನಾವಿಬ್ಬರೇ. ನನ್ನ ತಲೆ ಸರ್ರನೆ ಓಡಿತು. ‘ಅಕ್ಕಾರ, ಟೇಪ್ ಬೆವತು ಕೆಟ್ಟೈತಿ ಅಂತ ಹೇಳ್ತೇನ್ರಿ. ಥಂಡ್ಯಾಗ ಇಡ್ಸಿದವರು ಮಾಲಕರ, ಬಾಯಿ ಬಿಡಂಗಿಲ್ಲ. ಯಾವ ಸಾಲು ಯಾವುದಂತ ಗೊತ್ತಿಲ್ಲಂದ್ರ ಬಂದ್ ಹ್ಯಾಂಗ ಮಾಡ್ತಾರ? ಇನ್ನೊಂದು ವರ್ಷ ಕೊಡಬೇಕಾಕ್ಕೈತಿ,’ ಅಂದೆ.

ಅಕ್ಕಾರು ನನ್ನತ್ತ ತಿರುಗಿದರು. ಆಸೆ ಅವರ ಮುಖದಲ್ಲಿ ಬಂದದ್ದನ್ನೂ ಹೋದದ್ದನ್ನೂ ಕಂಡೆ.

‘ನಿನ್ನೆ ಮಾಲಕರ ಕೂಡ ಜಗಳಾ ಮಾಡಿ ಟೇಪ್ ಉಳಿಸಿದ್ದು ಸುಳ್ಳ ಹೇಳಾಕೇನು?’

ನನಗೆ ಸಿಟ್ಟು ಬಂತು, ಅಳುವೂ ಬಂತು. ಅವರು ಪಟ್ಟಿ ತೆಗೆದುಕೊಂಡು ಹೊರಟರು. ನಾನು ಬರಿಗಾಲಲ್ಲೇ ಹಿಂದೆ ಓಡಿದೆ.

ಮಾಲಕರು ಹೊಲದ ಬದುವಿನ ಮೇಲಿದ್ದರು. ಕಾಗದ ಓದಿ ಮುಗಿಸಿದರೂ ಅವರ ಕಣ್ಣು ಇಪ್ಪತ್ತೊಂದನೇ ಸಾಲಿನ ಮೇಲೆಯೇ ಇತ್ತು. ಅದೇ ಅಕ್ಕಾರದೆಂದು ಅವರೂ ನಂಬಿದ್ದರೇನೋ, ದನಿ ಮೆತ್ತಗಾಗಿತ್ತು.

‘ಹಂಗಾರ ನಿಮ್ಮದು ಎಲ್ಲೈತ್ರಿ ಅಕ್ಕಾರ?’

ಅಕ್ಕಾರು ಮೂಲೆಯ ಒಂಬತ್ತನೇ ಸಾಲಿಗೆ ನಡೆದು ಹೋದರು. ಬಗ್ಗಿ ಒಂದು ಗಿಡದ ಎಲೆಗೆ ಹತ್ತಿದ ಕೆಸರನ್ನು ಸೆರಗಿನಿಂದ ಒರೆಸಿದರು.

‘ಇದು ನಂದ್ರಿ,’ ಅಂದರು.