ವಿಠ್ಠಲನ ಪಾಲಿನ ನಿಂಬೆ ಗಿಡ

ಹೊರ್ತಿಯ ಗೋದೂಬಾಯಿ ಓದುವ ಮಕ್ಕಳ ಕೈಗೆ ಎಂದೂ ರೊಕ್ಕ ಕೊಟ್ಟವರಲ್ಲ. “ರೊಕ್ಕ ಕೊಟ್ಟರ ಮೊಬೈಲ ತಗೋತಾವ, ಮೊಬೈಲ ಇದ್ದಾವು ಇನ್ನೊಂದ ತಗೋತಾವ” ಎನ್ನುತ್ತಿದ್ದರು. ಅವರು ಕೊಡುತ್ತಿದ್ದದ್ದು ಗಿಡ.

ಗಂಡ ಪಂಢರಿನಾಥರು ಬಿಟ್ಟುಹೋದ ನಿಂಬೆ ತೋಟದಲ್ಲಿ, ಊರು ಬಿಟ್ಟು ವಿಶ್ವವಿದ್ಯಾಲಯಕ್ಕೆ ಹೋಗುವ ಬಡ ಮಕ್ಕಳಿಗೆ ಒಂದೊಂದು ಗಿಡ. ಬೇಸಿಗೆಯಲ್ಲಿ ಅದರ ಕಾಯಿ ಮಾರಿ ಬಂದದ್ದು ಹಾಸ್ಟೆಲ್ ಊಟಕ್ಕೆ. ಕಲಬುರಗಿಯಲ್ಲಿ ನನ್ನ ಎಂ.ಎ. ಮುಗಿದದ್ದು ಬದುವಿನ ಪಕ್ಕದ ಡೊಂಕು ಗಿಡದ ಮೇಲೆ. ನಿಯಮ ಒಂದೇ: ನಿನ್ನ ಗಿಡ ಬಿಟ್ಟಷ್ಟು ನಿನ್ನದು, ಪಕ್ಕದ್ದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮುಳ್ಳಿಗಿಂತ ಮೊದಲು ಗೋದೂಬಾಯಿಯ ಬೈಗುಳ ಚುಚ್ಚುತ್ತಿತ್ತು.

ತೋಟದ ಕೊನೆಯ ಗಿಡ ವಿದ್ಯಾವತಿಯದು. ಕೂಲಿ ಮಾಡುವ ಬಾಳಮ್ಮನ ಮಗಳು, ಧಾರವಾಡದಲ್ಲಿ ಎಂ.ಎಸ್ಸಿ. ಮೊದಲ ವರ್ಷ ಮುಗಿಸಿ ರಜೆಗೆ ಬಂದಿದ್ದಳು. ಎರಡನೆಯ ವರ್ಷ ಓದುವುದೋ ಬಿಡುವುದೋ ಆ ಗಿಡದ ಮೇಲಿತ್ತು. ತಾಯಿ ಮಗಳು ಚೀಲ ಹಿಡಿದು ಹೋದರು. ಗಿಡ ಹಚ್ಚಗೆ, ದಟ್ಟಗೆ ಮೆರೆಯುತ್ತಿತ್ತು. ಕಾಯಿ ಮಾತ್ರ ಒಂದೂ ಇರಲಿಲ್ಲ.

ಸುದ್ದಿ ಮುಟ್ಟಿ ಗೋದೂಬಾಯಿ ಮೊಣಕಾಲು ಹಿಡಿದುಕೊಂಡು ಬಂದರು. ಎಲೆ ಸವರಿ ನೋಡಿದರು.

“ಚಳಿಗಾಲದಾಗ ಇದಕ್ಕ ನೀರು ಹಾಕಿದವರು ಯಾರು?”

ಬಾಳಮ್ಮ ಹೆಮ್ಮೆಯಿಂದಲೇ ಹೇಳಿದಳು: “ನಾನ ರೀ ಬಾಯಾರ. ದಿನಾ ಸಂಜಿಕೆ ಎರಡು ಕೊಡ. ನೀವು ನೀರು ಬಿಡೂದು ನಿಲ್ಲಿಸಿದ್ರಿ, ಎಲಿ ಬಾಡಾಕತ್ತಿದ್ದವು. ಮಗಳ ಹೆಸರಿನ ಗಿಡ, ನೋಡಾಕ ಆಗಲಿಲ್ರಿ.”

“ಬಾಡಲಿ ಅಂತನ ನಿಲ್ಲಿಸಿದ್ದೆ, ಖೋಡಿ! ನೀರಡಿಸಿ ಜೀವ ಹೋಗೂ ಹೆದರಿಕಿ ಬಂದ್ರನ ನಿಂಬಿ ಹೂ ಬಿಡೂದು. ನೀ ಇದನ್ನ ಅಳಿಯನ್ಹಂಗ ಕುಂದರಿಸಿ ಉಣಿಸೀದಿ. ಹೊಟ್ಟಿ ತುಂಬಿದಾಂವ ಯಾಕ ದುಡದಾನು?”

ಬಾಳಮ್ಮ ಜೋಳದ ಹೊಲದಲ್ಲೇ ಬೆಳೆದವಳು. ನಿಂಬೆಯ ಈ ಗುಣ ಅವಳಿಗೆ ಗೊತ್ತಿರಲಿಲ್ಲ. ವಿದ್ಯಾವತಿ ಖಾಲಿ ಚೀಲ ಮಡಚತೊಡಗಿದಳು. “ಇರಲಿ ರೀ ಬಾಯಾರ. ಧಾರವಾಡ ಬಿಡ್ತೇನಿ.”

“ಬಿಡಾಕಿ ಬಂದಾಳ! ಚೀಲ ಬಿಚ್ಚ.”

ಉಳಿದ ಗಿಡಗಳಿಗೆಲ್ಲ ವಾರಸುದಾರರಿದ್ದರು. ಬಾವಿಯ ಬಳಿಯ ದೊಡ್ಡ ಗಿಡವೊಂದು ವಿಠ್ಠಲನ ಪಾಲು. ಮದುವೆಯಾದಾಗಿನಿಂದ ಗೋದೂಬಾಯಿ ಪ್ರತಿ ಆಷಾಢಕ್ಕೆ ಅದರ ದುಡ್ಡಿನಲ್ಲೇ ಪಂಢರಪುರಕ್ಕೆ ಹೋಗುತ್ತಿದ್ದರು. ಬೇರೆ ದುಡ್ಡಿನಲ್ಲಿ ಹೋದರೆ ದೇವರಿಗೆ ಅವಮಾನವೆಂದು ನಂಬಿದ್ದರು. ಆ ಗಿಡದ ಕಡೆ ಕೋಲು ತೋರಿಸಿದರು.

ಬಾಳಮ್ಮ ಗಾಬರಿಯಾದಳು. “ದೇವರದು ರೀ ಅದು! ನಿಮ್ಮ ಯಾತ್ರಿ?”

“ಅಂವ ಇಟ್ಟಂಗಿ ಮ್ಯಾಲ ನಿಂತಾನ, ಎಲ್ಲಿ ಹೋಗ್ತಾನ? ಹೋಗೂದು ಇಕೀದು ಐತಿ. ಹರೀರಿ.”

ಆ ಆಷಾಢದಲ್ಲಿ ಅವರು ಮನೆಯಲ್ಲೇ ಕೂತು, ಬಂದವರಿಗೆಲ್ಲ ಬೈದರು. ಊರಿನ ಭಜನಾ ಮಂಡಳಿಯವರು ಅಪಚಾರವೆಂದಾಗ, “ನೀವು ಹೊಂಟೀರಲ್ಲ, ಅಲ್ಲೆ ಚಾಡಿ ಹೇಳ್ರಿ” ಎಂದು ಬಾಗಿಲು ಹಾಕಿಕೊಂಡರು. ಚಳಿಗಾಲ ಬಂದಾಗ ಬಾಳಮ್ಮನ ಕೊಡಗಳನ್ನು ತಂದು ತಮ್ಮ ಅಟ್ಟಕ್ಕೇರಿಸಿದರು. ಬಾಳಮ್ಮ ಬದುವಿನ ಮೇಲೆ ನಿಂತು, ಬಾಡುವ ಗಿಡ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಸಲ ಗಿಡ ಕೊಂಬೆ ಬಾಗುವಷ್ಟು ಬಿಟ್ಟಿತು.

ಓದು ಮುಗಿಸಿದ ವಿದ್ಯಾವತಿಯೇ ಗೋದೂಬಾಯಿಯನ್ನು ಪಂಢರಪುರಕ್ಕೆ ಕರೆದೊಯ್ದಳು. ಮುಂದಿನದನ್ನು ಅವಳೇ ಹೇಳಿದ್ದು. ಸರದಿಯುದ್ದಕ್ಕೂ ಗೋದೂಬಾಯಿ ಮರಾಠಿಯಲ್ಲಿ ಅಭಂಗ ಹಾಡಿದರಂತೆ. ಮೂರ್ತಿ ಎದುರಾದದ್ದೇ ಕನ್ನಡಕ್ಕೆ ಬಂದರಂತೆ. ಜಗಳ ಅವರಿಗೆ ಕನ್ನಡದಲ್ಲೇ ಸಲೀಸು.

“ಹ್ವಾದ ವರ್ಷ ನಿನ್ನ ಪಾಲು ತಿಂದಾಕಿ ಇಕೀನ. ಪಾಸಾಗ್ಯಾಳ. ಸಿಟ್ಟ ಐತೇನು?”

ವಿಠ್ಠಲ ಎಂದಿನಂತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

“ಇಲ್ಲಂತ, ನಡಿ” ಎಂದು ಗೋದೂಬಾಯಿ ಅವಳನ್ನು ಮುಂದಕ್ಕೆ ತಳ್ಳಿದರು.